ನಿಪ್ಪಟ್ಟು ವೀರನ ಪರಾಕ್ರಮ

ಡ್ರಾಯಿಂಗ್ ಮೇಷ್ಟ್ರು ಭಾನುಪ್ರಕಾಶನಿಗೆ ಈ ಭೂಮಂಡಲದಲ್ಲಿ ಒಬ್ಬನೇ ಒಬ್ಬ ಶತ್ರುವಿದ್ದ. ಆ ಶತ್ರು ಶಿಡ್ಲಘಟ್ಟದ ಪ್ರತಿ ಚಿಲ್ಲರೆ ಅಂಗಡಿಯ ಮುಂದೆಯೂ ಸರಮಾಲೆಯಾಗಿ ನೇತಾಡುತ್ತಿದ್ದ.

ಹೆಸರು ಕರಕುರು ಕಿಂಗ್. ಮೈಗಂಟಿದ ನೇರಳೆ ಉಡುಪು, ಬೆನ್ನ ಹಿಂದೆ ಹಾರಾಡುವ ಹಳದಿ ಬಟ್ಟೆ, ಕಣ್ಣಿಗೆ ಕಪ್ಪು ಪಟ್ಟಿ, ಎದೆಯ ಮೇಲೆ ಜೋಳದ ತೆನೆಯ ಲಾಂಛನ. ಐದು ರೂಪಾಯಿಯ ಮಿರಿಮಿರಿ ಪೊಟ್ಟಣದ ಮೇಲೆ ಒಂದು ಮುಷ್ಟಿ ಮುಂದಕ್ಕೆ ಚಾಚಿ, ಈಗಲೋ ಇನ್ನೊಂದು ಗಳಿಗೆಗೋ ಆಕಾಶಕ್ಕೆ ನೆಗೆಯುವವನಂತೆ ನಗುತ್ತಿದ್ದ. ಪೊಟ್ಟಣದೊಳಗೆ ಹನ್ನೊಂದು ಕುರುಕಲು ಕಡ್ಡಿ, ಮಿಕ್ಕಿದ್ದೆಲ್ಲ ಗಾಳಿ. (ಭಾನುಪ್ರಕಾಶ ಒಮ್ಮೆ ಸ್ಟಾಫ್ ರೂಮಿನಲ್ಲಿ ಒಡೆದು ಎಣಿಸಿದ್ದ. ಹನ್ನೆರಡನೆಯದು ಸಿಕ್ಕಿತೆಂದು ಸಂತೋಷಪಟ್ಟರೆ ಅದು ಹನ್ನೊಂದನೆಯದರ ಮುರಿದ ತುಂಡಾಗಿತ್ತು.) ಟೀವಿಯಲ್ಲೂ ಅವನದೇ ಹಾವಳಿ. ಊರಿಗೆ ಊರೇ ಹೊತ್ತಿ ಉರಿಯುತ್ತಿದ್ದರೂ ಈ ಮಹಾನುಭಾವ ಬಂದು ಎರಡು ಕಡ್ಡಿ ಬಾಯಿಗೆ ಹಾಕಿಕೊಂಡರೆ ಸಾಕು, ಬೆಂಕಿ ನಾಚಿಕೊಂಡು ಆರಿಹೋಗುತ್ತಿತ್ತು.

ಇಂಥ ಲೋಕರಕ್ಷಕನ ಮೇಲೆ ಪಾಪದ ಡ್ರಾಯಿಂಗ್ ಮೇಷ್ಟ್ರಿಗೆ ಯಾಕೆ ಹಗೆ ಎಂದರೆ, ಮೇಷ್ಟ್ರ ಧರ್ಮಪತ್ನಿ ತನುಜ ನಿಪ್ಪಟ್ಟು ಮಾಡಿ ಮಾರುತ್ತಿದ್ದಳು. ಅವಳೂ ಬೀದಿಯ ನಾಲ್ವರು ಹೆಂಗಸರೂ ಸೇರಿ ಎರಡು ವರ್ಷದ ಹಿಂದೆ ಯಶೋಧರ ಮಹಿಳಾ ಸಂಘ ಕಟ್ಟಿದ್ದರು. ಮನೆಯ ಹಿಂದೆ, ಹಿಂದೊಮ್ಮೆ ರೇಷ್ಮೆ ನೂಲು ತೆಗೆಯುತ್ತಿದ್ದ ಶೀಟಿನ ಕೋಣೆಯೇ ಅವರ ಕಾರ್ಖಾನೆ. ಭಾನುಪ್ರಕಾಶನ ತಾಯಿ ಕೊಂಡಮ್ಮ ಆ ಕಾರ್ಖಾನೆಯ ಮಹಾ ಸಲಹೆಗಾರ್ತಿ. (ಯಾರೂ ನೇಮಿಸಿರಲಿಲ್ಲ. ಹಾಗಾಗಿ ಯಾರೂ ತೆಗೆದುಹಾಕುವ ಹಾಗೂ ಇರಲಿಲ್ಲ.) ಆದರೆ ಅಂಗಡಿಯವರು ನಿಪ್ಪಟ್ಟಿನ ಡಬ್ಬಿಯನ್ನು ಒಳಗೆಲ್ಲೋ ಬೆಲ್ಲದ ಅಚ್ಚುಗಳ ಹಿಂದೆ ತಳ್ಳಿ, ಕರಕುರು ಕಿಂಗನನ್ನು ಮುಂದೆ ತೂಗುಹಾಕುತ್ತಿದ್ದರು. ಮಕ್ಕಳು ಬಂದು ಕಿಂಗನ ಕಾಲು ಹಿಡಿದೆಳೆದು ಕಿತ್ತುಕೊಂಡು ಹೋಗುತ್ತಿದ್ದವು.

ಒಂದು ಗುರುವಾರ ಸಂಜೆ ತನುಜ ಗಂಡನ ಮುಂದೆ ಬಂದು ನಿಂತಳು.

"ರೀ, ಈ ಭಾನುವಾರ ಚಿಂತಾಮಣಿಯಿಂದ ರಮೇಶ್‌ಬಾಬು ಅವರು ಬರ್ತಾರೆ. ನಾಲ್ಕು ಕಡೆ ಬೇಕರಿ ಇದೆ ಅವರ್ದು. ರುಚಿ ಹಿಡಿಸಿದ್ರೆ ವಾರಕ್ಕೆ ಐವತ್ತು ಕೆಜಿ ತಗೋತಾರಂತೆ. ಅವರು ಬರೋ ದಿನ ಊರಲ್ಲಿ ನಮ್ಮ ಸಂಘದ ಹೆಸ್ರು ಓಡಾಡ್ಬೇಕು. ಪೇಪರ್ ಒಳಗಿಟ್ಟು ಹಂಚೋ ಥರ ಒಂದು ಕರಪತ್ರ ಬರ್ಕೊಡಿ."

"ಬರ್ಕೊಡೋದೇನು, ಒಂದು ಮಹಾಕಾವ್ಯಾನೇ..."

"ಮಹಾಕಾವ್ಯ ಬೇಡ. ಒಂದು ತಟ್ಟೆ, ತಟ್ಟೇಲಿ ನಿಪ್ಪಟ್ಟು, ಕೆಳಗೆ ಫೋನ್ ನಂಬರ್. ಅಷ್ಟೇ ಸಾಕು."

ಇಪ್ಪತ್ತೆರಡು ವರ್ಷ ಹೂಕುಂಡ, ಕೊಡೆ, ಬಾಳೆಹಣ್ಣು ಬರೆಸಿ ಬರೆಸಿ ಬೇಸತ್ತ ಕಲಾವಿದನಿಗೆ ಇನ್ನೊಂದು ತಟ್ಟೆ ಬರಿ ಎಂದರೆ ಮನಸ್ಸು ಹೇಗೆ ಒಪ್ಪೀತು? ಅವನ ಮನಸ್ಸು ನೇರ ಜಂಗಮಕೋಟೆಯ ಕ್ಷೌರದ ಅಂಗಡಿಗೆ ಹಾರಿತು. ಚಿಕ್ಕಂದಿನಲ್ಲಿ ಅಲ್ಲಿ ಸರದಿ ಕಾಯುವಾಗ ಹಳೆಯ ಕಾಮಿಕ್ ಪುಸ್ತಕಗಳನ್ನು ತಿರುವಿಹಾಕುವುದೇ ಅವನ ವಿದ್ಯಾಭ್ಯಾಸ. ಅವುಗಳ ಹಿಂದಿನ ರಟ್ಟಿನಲ್ಲಿ ತಿಂಡಿಯ ಜಾಹೀರಾತು ಇರುತ್ತಿತ್ತು. ಅದೂ ಒಂದು ಪುಟದ ಕಥೆಯೇ. ದುಷ್ಟನೊಬ್ಬ ಬ್ಯಾಂಕು ದೋಚುತ್ತಾನೆ. ಮುಸುಕಿನ ವೀರ ಹಾರಿ ಬಂದು ಗುದ್ದುವ ಬದಲು ಬಿಸ್ಕತ್ತಿನ ಪೊಟ್ಟಣ ಎಸೆಯುತ್ತಾನೆ. ದುಷ್ಟ "ಆಹಾ, ಎಂಥ ರುಚಿ!" ಎಂದು ಗಂಟುಮೂಟೆ ಕೆಳಗಿಟ್ಟು ತಿನ್ನುತ್ತಾ ಕೂರುತ್ತಾನೆ. ಪೊಲೀಸರು ಬರುತ್ತಾರೆ. ಹತ್ತು ವರ್ಷದ ಭಾನುಪ್ರಕಾಶನಿಗೆ ಆಗಲೇ ಒಂದು ಸಂಶಯ ಬಂದಿತ್ತು. ಪೊಟ್ಟಣ ಜೇಬಿಗೆ ಹಾಕಿಕೊಂಡು ಓಡಿಹೋಗಿ, ಮನೆಯಲ್ಲಿ ನಿಧಾನವಾಗಿ ತಿನ್ನಬಹುದಿತ್ತಲ್ಲ? ಕ್ಷೌರದವನನ್ನು ಕೇಳಿದ್ದಕ್ಕೆ ಅವನು ಕಿವಿ ಹಿಡಿದು ತಲೆ ಬಗ್ಗಿಸಿದ್ದ.

ಶುಕ್ರವಾರ ಸಂಜೆ ಭಾನುಪ್ರಕಾಶ ಹಾಳೆ ಹರಡಿಕೊಂಡು ಕೂತ. ಅವನ ವೀರನ ಹೆಸರು ನಿಪ್ಪಟ್ಟು ವೀರ. ಎದೆಯ ಮೇಲೆ ದುಂಡಗಿನ ನಿಪ್ಪಟ್ಟು, ಅದರ ಮೇಲೆ ಒಂದು ಕರಿಬೇವಿನ ಎಲೆ. ಖಳನಾಯಕ ಗೂಡುಗಳ್ಳ, ಮಾರುಕಟ್ಟೆಗೆ ರೈತರು ತಂದ ರೇಷ್ಮೆಗೂಡನ್ನೆಲ್ಲ ಮೂಟೆ ಕಟ್ಟಿ ಹೊತ್ತೊಯ್ಯುವವನು. "ಹ್ಹಹ್ಹಹ್ಹಾ! ಇನ್ನು ಶಿಡ್ಲಘಟ್ಟದ ಗೂಡೆಲ್ಲ ನನ್ನದೇ!" ಎಂದು ಅವನು ಅಬ್ಬರಿಸುತ್ತಾನೆ. ರೈತರು ಅಯ್ಯೋ ಎನ್ನುತ್ತಾರೆ. ಹಿಪ್ಪುನೇರಳೆ ತೋಟದ ಮೇಲೆ ಹಾರಿ ಬಂದ ವೀರ ಒಂದು ನಿಪ್ಪಟ್ಟು ಎಸೆಯುತ್ತಾನೆ. "ಆಹಾ, ಏನು ಗರಿಗರಿ! ಕಳ್ಳತನ ನಾಳೆ ಮಾಡಿದರಾಯಿತು!" ಎಂದು ಕಳ್ಳ ಮೂಟೆಯ ಮೇಲೆಯೇ ಕೂತು ತಿನ್ನುತ್ತಾನೆ. ಕೊನೆಯ ಚೌಕದಲ್ಲಿ ಕೈಗೆ ಬೇಡಿ ಬಿದ್ದಿದ್ದರೂ "ಜೈಲಿನಲ್ಲೂ ಇದು ಸಿಗುತ್ತದಾ ಸ್ವಾಮಿ?" ಎಂದು ಕೇಳುತ್ತಾನೆ. ಕೆಳಗೆ ಸಂಘದ ಹೆಸರು, ಫೋನ್ ನಂಬರ್.

ಪಿಯುಸಿ ಓದುತ್ತಿದ್ದ ಮಗಳು ಲಾವಣ್ಯ ಹೆಗಲ ಮೇಲಿಂದ ಇಣುಕಿದಳು. "ಅಪ್ಪ, ಇದು ಕರಕುರು ಕಿಂಗ್‌ನ ಗೇಲಿ ಮಾಡೋದಾ, ಇಲ್ಲಾ ಸೀರಿಯಸ್ ಆ್ಯಡಾ?"

"ಎರಡೂ ಕಣಮ್ಮ."

"ಅಮ್ಮ ತಟ್ಟೆ ಕೇಳಿದ್ರು."

"ನಿಮ್ಮಮ್ಮ ನೋಡಿದ್ಮೇಲೆ ತಟ್ಟೇನ ಮರೀತಾಳೆ."

ನಿಜವಾಗಿಯೂ ತನುಜ ನೋಡಿದಳು, ನಕ್ಕಳು, "ಪರವಾಗಿಲ್ಲ, ಹಾಕ್ಸಿ" ಎಂದಳು. ಕಥೆ ಇಲ್ಲಿಗೇ ಮುಗಿದಿದ್ದರೆ ಮೇಷ್ಟ್ರು ಸುಖವಾಗಿರುತ್ತಿದ್ದರು. ಆದರೆ ಭಾನುಪ್ರಕಾಶನ ಎದೆಯಲ್ಲಿ ಮೂರು ವಾರದಿಂದ ಒಂದು ಗುಟ್ಟು ಕೂತು ಕೊರೆಯುತ್ತಿತ್ತು.

ಮೂರು ವಾರದ ಹಿಂದೆ ಒಂದು ದಿನ ಕರಿದ ನಿಪ್ಪಟ್ಟೆಲ್ಲ ಕಲ್ಲಾಗಿತ್ತು. ಕಲ್ಲು ಎಂದರೆ ಹೋಲಿಕೆಗೆ ಹೇಳಿದ್ದಲ್ಲ. ಭಾನುಪ್ರಕಾಶ ಕಚ್ಚಿದಾಗ ದವಡೆ ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಕಳಚಿ ನಾಲಿಗೆಯ ಮೇಲೆ ಬಿತ್ತು. ಆ ಕ್ಷಣಕ್ಕೇ ತನುಜ "ಹೆಂಗಿದೆ?" ಎಂದು ಕೇಳಿದ್ದಳು. ಸಿಮೆಂಟನ್ನು ಕೆನ್ನೆಯೊಳಗೆ ಸರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಭಾನುಪ್ರಕಾಶ "ಸೂಪರ್" ಎಂದಿದ್ದ. ಕಣ್ಣೀರನ್ನು ಅವಳು ಖಾರದ ಲೆಕ್ಕಕ್ಕೆ ಹಾಕಿದ್ದಳು. ಅಂದಿನಿಂದ ಅವಳು ಕೊಟ್ಟ ನಿಪ್ಪಟ್ಟನ್ನೆಲ್ಲ ಅವನು ಜೇಬಿಗಿಳಿಸಿ, ಸ್ಕೂಲಿನ ಹಾದಿಯಲ್ಲಿ ಕಾಗೆಗಳಿಗೆ ಹಾಕುತ್ತಿದ್ದ.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಆ ಗುಟ್ಟು ಪೆನ್ಸಿಲ್ಲಿನ ತುದಿಗೆ ಬಂದುಬಿಟ್ಟಿತು. ಇನ್ನೊಂದು ಹಾಳೆ ತೆಗೆದು, ಅದೇ ಚೌಕಗಳು, ಅದೇ ಸಂಘದ ಹೆಸರು, ಅದೇ ಫೋನ್ ನಂಬರ್ ನಕಲು ಮಾಡಿಕೊಂಡು, ಮೇಲೆ "ನಿಪ್ಪಟ್ಟು ವೀರ: ಅಸಲಿ ಕಥೆ" ಎಂದು ಬರೆದ. ಇದರಲ್ಲಿ ಗೂಡುಗಳ್ಳ ನಿಪ್ಪಟ್ಟು ಕಚ್ಚುತ್ತಾನೆ. ಟಕ್! ಮೂರು ಹಲ್ಲು ಕೆಳಗೆ. "ಸ್ವಾಮೀ, ಜೈಲಿಗೆ ಬೇಕಾದರೆ ಹಾಕಿ, ಇನ್ನೊಂದು ನಿಪ್ಪಟ್ಟು ಮಾತ್ರ ಕೊಡಬೇಡಿ!" ಎಂದು ಕಾಲಿಗೆ ಬೀಳುತ್ತಾನೆ. ಕೈತಪ್ಪಿದ ಇನ್ನೊಂದು ನಿಪ್ಪಟ್ಟು ರಸ್ತೆಯಲ್ಲಿ ಉರುಳಿಕೊಂಡು ಹೋಗಿ ಲಾರಿಯೊಂದರ ಟೈರು ಪಂಕ್ಚರ್ ಮಾಡುತ್ತದೆ. ಕೊನೆಯ ಚೌಕದಲ್ಲಿ ಲೋಕವನ್ನೇ ಕಾಪಾಡಿ ಮನೆಗೆ ಬಂದ ವೀರ ತಲೆತಗ್ಗಿಸಿ ನಿಂತಿದ್ದಾನೆ. ಎದುರಿಗೆ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಹೆಂಡತಿ, ಸೊಂಟದ ಮೇಲೆ ಕೈ, ಕೈಯಲ್ಲಿ ಜಾಲರಿ ಸೌಟು. "ಲೋಕ ಕಾಪಾಡಿದ್ದು ಸಾಕು. ಮೊಸರೆಲ್ಲಿ?"

ಬರೆದು, ಬಣ್ಣ ಹಚ್ಚಿ ಮುಗಿಸಿ ಒಬ್ಬನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಎದೆ ಹಗುರವಾಯಿತು. ಅಲ್ಲಿಗೆ ಹರಿದುಹಾಕಬೇಕಿತ್ತು. ಆದರೆ ಒಬ್ಬನೇ ನಕ್ಕ ನಗು ಎಷ್ಟು ಹೊತ್ತು ಬಂದೀತು? ಪ್ರಿಂಟಿಂಗ್ ಅಂಗಡಿಯ ಮಧುಸೂದನ್ ಅವನ ಹಳೆಯ ಶಿಷ್ಯ, ರಸಿಕ. ಎರಡೂ ಹಾಳೆಗಳ ಫೋಟೋ ತೆಗೆದು ಕಳಿಸಿ ಹೀಗೆ ಬರೆದ: "ಮಧು, ಮೊದಲನೆಯದನ್ನು ಪ್ರಿಂಟ್ ಮಾಡು. ಎರಡನೆಯದನ್ನು ನೋಡಿ ನಕ್ಕು ಡಿಲೀಟ್ ಮಾಡು."

ಕನ್ನಡಕ ಹಾಕಿಕೊಂಡು ಕಳಿಸಿದ್ದರೆ ಅವನಿಗೆ ಗೊತ್ತಾಗುತ್ತಿತ್ತು, ಹುಮ್ಮಸ್ಸಿನಲ್ಲಿ ಅವನ ಬೆರಳು ಅಸಲಿ ಕಥೆಯನ್ನೇ ಮೊದಲು ಒತ್ತಿತ್ತೆಂದು.

ಭಾನುವಾರ ಬೆಳಿಗ್ಗೆ ಆರೂವರೆಗೆ ಪೇಪರ್ ಬಂದು ಗೇಟಿನೊಳಗೆ ಬಿತ್ತು. ತನುಜ ಐದು ಗಂಟೆಗೇ ಎದ್ದು ಹಿಂದಿನ ಕೋಣೆಯಲ್ಲಿ ಒಲೆ ಹಚ್ಚಿಸಿದ್ದಳು. ಭಾನುಪ್ರಕಾಶ ಕಾಫಿ ಲೋಟ ಹಿಡಿದು ಪೇಪರ್ ಬಿಡಿಸಿದ. ಕರಪತ್ರ ಜಾರಿ ತೊಡೆಯ ಮೇಲೆ ಬಿತ್ತು. ಬಣ್ಣ ಭರ್ಜರಿಯಾಗಿ ಬಂದಿತ್ತು. ಗೂಡುಗಳ್ಳನ ಉದುರಿದ ಹಲ್ಲು ಮೂರೂ ಮುತ್ತಿನಂತೆ ಹೊಳೆಯುತ್ತಿದ್ದವು.

ಕಾಫಿ ನೆತ್ತಿಗೇರಿತು. ಕೆಮ್ಮುತ್ತಲೇ, ಇದೊಂದೇ ಪ್ರತಿ ತಪ್ಪಿ ಬಂದಿರಬೇಕು, ಮಧು ತಮಾಷೆಗೆ ನಮ್ಮ ಮನೆಗೆ ಮಾತ್ರ ಹಾಕಿಸಿರಬೇಕು ಎಂದು ಸಮಾಧಾನಪಟ್ಟುಕೊಂಡ. ಆ ಸಮಾಧಾನ ಫೋನ್ ರಿಂಗಾಗುವಷ್ಟು ಹೊತ್ತು ಬಾಳಿತು.

"ಗುಡ್ ಮಾರ್ನಿಂಗ್ ಸಾರ್! ಹೆಂಗೈತೆ ಕಲರು?"

"ಮಧು, ಯಾವ್ದಪ್ಪಾ ನೀನು ಪ್ರಿಂಟ್ ಮಾಡಿರೋದು?"

"ನೀವು ಹೇಳಿದ್ದೇ ಸಾರ್, ಮೊದಲನೇದು. ಎರಡನೇದು ನೋಡಿ ನಗು ಅಂದಿದ್ರಿ, ನೋಡ್ದೆ." ಮಧು ದನಿ ತಗ್ಗಿಸಿದ. "ಬೇಜಾರ್ ಮಾಡ್ಕೋಬೇಡಿ ಸಾರ್, ಅಷ್ಟೇನೂ ನಗು ಬರ್ಲಿಲ್ಲ."

"ಎಷ್ಟು ಪ್ರತಿ ಹಾಕ್ದೆ?"

"ಸಾವಿರ ಸಾರ್. ಬೆಳಗಿನ ಜಾವ ನಾನೇ ಹೋಗಿ ಪೇಪರ್ ಏಜೆಂಟಿಗೆ ಕೊಟ್ಟು ಬಂದೆ. ನಿಮ್ ಕೆಲ್ಸ ಅಂದ್ರೆ ನನ್ ಕೆಲ್ಸ ಇದ್ದಂಗೆ."

ಭಾನುಪ್ರಕಾಶ ಲೋಟವನ್ನು ಅಲ್ಲೇ ಇಟ್ಟು, ಬನಿಯನ್ ಮೇಲೊಂದು ಟವೆಲ್ ಹೊದ್ದು, ತರಕಾರಿ ಚೀಲ ಹಿಡಿದು ಸ್ಕೂಟರ್ ಹತ್ತಿದ. ರಮೇಶ್‌ಬಾಬು ಬರುವುದು ಹತ್ತಕ್ಕೆ. ಅಷ್ಟರೊಳಗೆ ಊರಿನ ಸಾವಿರ ಪೇಪರ್‌ಗಳಿಂದ ಸಾವಿರ ಕರಪತ್ರ ಎಗರಿಸಬೇಕು. ಅಸಾಧ್ಯವೇನಲ್ಲ ಎಂದು ಮೊದಲ ಬೀದಿಯಲ್ಲಿ ಅನ್ನಿಸಿತು. ಭಾನುವಾರವಾದ್ದರಿಂದ ಜನ ಇನ್ನೂ ಎದ್ದಿರಲಿಲ್ಲ. ಗೇಟಿನೊಳಗೆ ಕೈ ತೂರಿಸಿ ಪೇಪರ್ ಎಳೆದು, ಕೊಡವಿ, ಕರಪತ್ರ ಚೀಲಕ್ಕೆ ಹಾಕಿ, ಪೇಪರನ್ನು ಮತ್ತೆ ಒಳಗೆಸೆದು ಮುಂದಿನ ಮನೆಗೆ ನಡೆಯುತ್ತಿದ್ದ. ಎರಡನೇ ಬೀದಿಗೆ ಕೈ ಪಳಗಿತು. ಮೂರನೇ ಬೀದಿಯಲ್ಲಿ, ಹಸಿರು ಗೇಟಿನ ಮನೆಯೊಳಗೆ ತೂರಿಸಿದ ಕೈಯನ್ನು ಒಳಗಿನಿಂದ ಯಾರೋ ಹಿಡಿದುಕೊಂಡರು.

ಕೋನಪ್ಪನವರು. ಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತೂಕ ನೋಡಿ ನಿವೃತ್ತರಾದವರು. ಅವರ ಹಿಡಿತ ಇನ್ನೂ ನಿವೃತ್ತವಾಗಿರಲಿಲ್ಲ.

"ಸಿಕ್ಕಿಬಿದ್ದೆಯಾ! ನಾಲ್ಕು ದಿನದಿಂದ ನನ್ ಪೇಪರ್ ಕದೀತಿರೋನು ನೀನೇ ಏನೋ?" ಎಂದು ಗೇಟು ತೆರೆದು ನೋಡಿ ಬೆಪ್ಪಾದರು. "ಅಯ್ಯೋ, ಮೇಷ್ಟ್ರೇ! ನೀವಾ? ಇದೇನಿದು, ಕೇಳಿದ್ರೆ ಓದೋಕೆ ನಾನೇ ಕೊಡ್ತಿರ್ಲಿಲ್ವಾ?"

"ಪೇಪರ್ ಅಲ್ಲ ಕೋನಪ್ಪನೋರೇ, ಅದರೊಳಗಿನ ಚೀಟಿ. ಅಚ್ಚಿನ ದೋಷ ಆಗಿದೆ. ವಾಪಸ್ ತಗೋತಿದೀನಿ."

"ಯಾವ ಚೀಟಿ?" ಕೋನಪ್ಪನವರು ಕನ್ನಡಕ ಏರಿಸಿ ಕರಪತ್ರವನ್ನು ದೂರ ಹಿಡಿದು ಓದತೊಡಗಿದರು. ಎರಡನೇ ಚೌಕಕ್ಕೆ ಭುಜ ಕುಣಿಯಿತು. ಲಾರಿ ಪಂಕ್ಚರಿಗೆ ಗೇಟು ಹಿಡಿದುಕೊಂಡರು. ಕೊನೆಯ ಚೌಕ ಮುಗಿಸಿ ಕಣ್ಣೊರೆಸಿಕೊಳ್ಳುತ್ತಾ, "ನಿಜ ಹೇಳಿ ಮೇಷ್ಟ್ರೇ, ಆಮೇಲೆ ಮೊಸರು ತಂದ್ರಾ?" ಎಂದರು. ಕೂಡಲೇ ಒಳಗೆ ತಿರುಗಿ ಹೆಂಡತಿಯನ್ನು, "ವೆಂಕಟರತ್ನಾ, ಬಾರೇ ಇಲ್ಲಿ, ನಿನ್ ಫೋಟೋ ಬಂದೈತೆ!" ಎಂದು ಕೂಗಿದರು. "ಇದೊಂದು ಮಾತ್ರ ಕೊಡಲ್ಲ. ಗೋಡೆಗೆ ಅಂಟಿಸ್ತೀನಿ."

ಚೀಲದಲ್ಲಿ ಎಣಿಸಿದರೆ ಅರವತ್ತೆರಡು ಇದ್ದವು. ಬಸ್ ಸ್ಟ್ಯಾಂಡಿನ ಬಳಿ ಹೋದರೆ ಟೀ ಅಂಗಡಿಯ ಮುಂದೆ ಒಬ್ಬ ಕಟ್ಟೆಯ ಮೇಲೆ ನಿಂತು ಕರಪತ್ರವನ್ನು ಅಭಿನಯ ಸಹಿತ ಓದುತ್ತಿದ್ದ. "ಇನ್ನೊಂದು ನಿಪ್ಪಟ್ಟು ಮಾತ್ರ ಕೊಡಬೇಡಿ" ಎಂಬಲ್ಲಿಗೆ ಸುತ್ತಲಿನ ಹತ್ತಿಪ್ಪತ್ತು ಜನ ಒಟ್ಟಿಗೆ ಕೂಗಿದರು. ಎರಡನೇ ಸಲವೋ ಮೂರನೇ ಸಲವೋ ಓದುತ್ತಿರಬೇಕು. ಭಾನುಪ್ರಕಾಶ ಟವೆಲನ್ನು ಮುಖಕ್ಕೆ ಸುತ್ತಿಕೊಂಡು ಸ್ಕೂಟರ್ ತಿರುಗಿಸಿದ.

ಗೇಟಿನಲ್ಲಿ ಲಾವಣ್ಯ ಕಾಯುತ್ತಿದ್ದಳು. "ಅಪ್ಪ, ಒಳಗೆ ಹೋಗ್ಬೇಡಿ. ಇಲ್ಲಾ, ಹೋಗಿ. ಹೆಂಗೂ ಹೋಗ್ಲೇಬೇಕಲ್ಲ."

"ನಿಮ್ಮಮ್ಮಂಗೆ ಗೊತ್ತಾಯ್ತಾ?"

"ಗೌರಿಬಿದನೂರಿಂದ ಚಿಕ್ಕಮ್ಮ ಫಾರ್ವರ್ಡ್ ಮಾಡಿದಾರೆ. ಸೀದಾ ಅಮ್ಮನಿಗೇ."

ಹಿಂದಿನ ಕೋಣೆಯಲ್ಲಿ ಎಣ್ಣೆ ಚುರುಗುಟ್ಟುತ್ತಿತ್ತು. ದಿನವೂ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡುವ ಸಂಘದ ನಾಲ್ವರು ಹೆಂಗಸರು ಹಿಟ್ಟಿನ ಉಂಡೆಗಳನ್ನೇ ದಿಟ್ಟಿಸುತ್ತಾ ತಟ್ಟುತ್ತಿದ್ದರು. ಕೊಂಡಮ್ಮ ಮೂಲೆಯಲ್ಲಿ ಕಡಲೆಕಾಯಿ ಬೀಜ ಆರಿಸುತ್ತಿದ್ದಳು. ತನುಜ ಬಾಣಲೆಯ ಮುಂದೆ ನಿಂತಿದ್ದಳು. ಒಲೆಯ ಹಬೆಗೆ ಮಂಜಾಗುತ್ತದೆಂದು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದಳು. ಕೈಯಲ್ಲಿ ಜಾಲರಿ ಸೌಟಿತ್ತು.

"ಕೊನೇ ಚಿತ್ರದಲ್ಲಿರೋ ಹೆಂಗಸು ಯಾರು?" ತಿರುಗದೆಯೇ ಕೇಳಿದಳು.

"ಅದು... ಕಾಲ್ಪನಿಕ."

ಅವಳು ತಿರುಗಿ ನಿಂತಳು. ಭಾನುಪ್ರಕಾಶನಿಗೆ ಇಡೀ ಕೊನೆಯ ಚೌಕವೇ ಎದ್ದು ಬಂದು ಎದುರಿಗೆ ನಿಂತಂತಾಯಿತು. ಒಂದು ಗೆರೆಯೂ ತಪ್ಪಿರಲಿಲ್ಲ. ಕಲಾವಿದನಾಗಿ ಹೆಮ್ಮೆಪಡುವ ಹೊತ್ತು ಅದಾಗಿರಲಿಲ್ಲ.

"ಅದು ಹೋಗ್ಲಿ. ಹಲ್ಲು ಮುರಿದಿದ್ದು ನಿಜವಾ?"

"ಹಲ್ಲಲ್ಲ. ಹಲ್ಲಿಗೆ ತುಂಬಿಸಿದ್ದ ಸಿಮೆಂಟು."

"ಯಾವತ್ತು?"

"ಮೂರು ವಾರ ಆಯ್ತು."

"ಹೆಂಗಿದೆ ಅಂತ ನಾನು ಕೇಳಿದ್ದೆ. ಏನಂದ್ರಿ?"

"ಸೂಪರ್ ಅಂದೆ."

"ಆಮೇಲೆ?"

"ಇನ್ನೊಂದು ಕೊಡು ಅಂದೆ."

ಉಂಡೆ ತಟ್ಟುತ್ತಿದ್ದವರಲ್ಲಿ ಯಾರೋ ಒಬ್ಬರಿಗೆ ನಗು ಸಿಡಿಯಿತು. ಕೂಡಲೇ ಅದು ಕೆಮ್ಮಾಗಿ ಮಾರ್ಪಟ್ಟಿತು. ತನುಜ ನಗಲಿಲ್ಲ.

"ಮನೇಲಿ ಕೂತು ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು. ನನಗೆ ಹೇಳೋಕೆ ಬಾಯಿಲ್ಲ. ಊರಿಗೆಲ್ಲ ಅಚ್ಚು ಹಾಕ್ಸಿ ಹೇಳೋಕೆ ಮಾತ್ರ ಬಾಯಿದೆ."

ಕೊನೆಯ ಮಾತಿಗೆ ಅವಳ ದನಿ ಸ್ವಲ್ಪ ನಡುಗಿತು. ಬೈಗುಳಕ್ಕೆ ಎದೆ ಗಟ್ಟಿ ಮಾಡಿಕೊಂಡು ಬಂದಿದ್ದ ಭಾನುಪ್ರಕಾಶ ಈ ನಡುಕಕ್ಕೆ ತಯಾರಾಗಿರಲಿಲ್ಲ. ಅವನಿಗೆ ಚೀಲ ಎಲ್ಲಿಡಬೇಕೆಂದೇ ತೋಚಲಿಲ್ಲ. ಎರಡು ವರ್ಷ ಈ ಹೊಗೆಯಲ್ಲಿ ನಿಂತು ಅವಳು ಕಟ್ಟಿದ್ದನ್ನು ತಾನೊಂದು ಶನಿವಾರದ ಮಧ್ಯಾಹ್ನದಲ್ಲಿ ಕೆಡವಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

"ತನುಜ, ನಾನು ಬೇಕೂಂತ..."

"ಅಯ್ಯಯ್ಯೋ, ಅವನ್ನ ಬೈಬೇಡ ಬಿಡಮ್ಮಾ," ಎಂದು ಮೂಲೆಯಿಂದ ಕೊಂಡಮ್ಮನ ದನಿ ಬಂತು. ಸಂಕಟವಾದಾಗ ಅವಳ ಮಾತಿಗೆ ತೆಲುಗಿನ ರಾಗ ಬರುತ್ತಿತ್ತು. "ತಪ್ಪು ನಾದೇ. ಅವತ್ತು ಹಿಟ್ಟಿಗೆ ಕಾದೆಣ್ಣೆ ಎರಡು ಸೌಟು ಕಮ್ಮಿ ಬಿಟ್ಟೋಳು ನಾನು. ಎಣ್ಣೆ ರೇಟು ನೆನೆಸ್ಕೊಂಡ್ರೆ ಕೈ ಮುಂದಕ್ಕೆ ಬರ್ಲಿಲ್ಲಮ್ಮ."

"ಗೊತ್ತತ್ತೆ," ತನುಜ ಬಾಣಲೆಯಿಂದ ನಿಪ್ಪಟ್ಟು ಎತ್ತುತ್ತಾ ಹೇಳಿದಳು. "ಅವತ್ತೇ ಸಂಜೆ ನಾನೂ ಒಂದು ಕಚ್ಚಿದ್ದೆ. ಆವತ್ತಿಂದ ಎಣ್ಣೆ ಸೌಟು ನನ್ ಕೈಲೇ ಇದೆ, ನೋಡ್ಲಿಲ್ವಾ? ಅವತ್ತು ಕರಿದಿದ್ದನ್ನ ಅಂಗಡಿಗೂ ಕಳಿಸ್ಲಿಲ್ಲ." ಆಮೇಲೆ ಗಂಡನ ಕಡೆ ನೋಡಿದಳು. "ಮೂರು ವಾರದಲ್ಲಿ ನೀವು ಒಂದಾದ್ರೂ ತಿಂದಿದ್ರೆ ನಿಮಗೂ ಗೊತ್ತಾಗ್ತಿತ್ತು. ಜೇಬೆಲ್ಲ ಯಾಕೆ ಎಣ್ಣೆ ಕಲೆ, ದಾರೀಲಿ ಕಾಗೆಗಳು ಯಾಕೆ ನಿಮ್ ಹಿಂದೇನೇ ಬರ್ತವೆ ಅಂತ ನಾನು ಯೋಚ್ನೆ ಮಾಡ್ತಿದ್ದೆ."

ಹೊರಗೆ ಕಾರಿನ ಹಾರನ್ ಕೇಳಿತು. ಗಂಟೆ ಇನ್ನೂ ಒಂಬತ್ತೂಕಾಲು.

ರಮೇಶ್‌ಬಾಬು ದೊಡ್ಡ ಮೈಕಟ್ಟಿನವರು. ಬಿಳಿ ಶರ್ಟು, ಬಿಳಿ ಪ್ಯಾಂಟು, ಬಿಗಿದ ತುಟಿ. ತನುಜ ನಮಸ್ಕಾರ ಮಾಡಿದರೆ ಕೈ ಮುಗಿದರೇ ಹೊರತು ಮಾತಾಡಲಿಲ್ಲ. ಕುರ್ಚಿ ತೋರಿಸಿದರೆ ಕೂತರು, ಮಾತಿಲ್ಲ. ಶರ್ಟಿನ ಜೇಬಿನಿಂದ ಮಡಿಸಿದ ಕರಪತ್ರವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಆಗಲೂ ಮಾತಿಲ್ಲ. ಸಂಘದ ಹೆಂಗಸರೆಲ್ಲ ಬಾಗಿಲಲ್ಲಿ ಗುಂಪಾದರು. ತನುಜಳ ಮುಖದ ಬಣ್ಣ ಇಳಿಯಿತು. ಆದರೂ ಬಿಸಿ ನಿಪ್ಪಟ್ಟಿನ ತಟ್ಟೆಯನ್ನು ತಂದು ಆ ಕರಪತ್ರದ ಪಕ್ಕದಲ್ಲೇ ಇಟ್ಟು ನೆಟ್ಟಗೆ ನಿಂತಳು.

ರಮೇಶ್‌ಬಾಬು ಒಂದು ನಿಪ್ಪಟ್ಟು ತೆಗೆದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕರಪತ್ರದಲ್ಲಿನ ಲಾರಿಯನ್ನು ನೋಡಿದರು. ಮೇಜಿಗೆ ಮೆಲ್ಲಗೆ ತಟ್ಟಿದರು. ಭಾನುಪ್ರಕಾಶ ಕಣ್ಣು ಮುಚ್ಚಿಕೊಂಡ. ಮೂರು ವಾರದಿಂದ ಒಂದನ್ನೂ ತಿನ್ನದವನಿಗೆ ಈ ನಿಪ್ಪಟ್ಟು ಹೇಗಿದೆಯೆಂದು ಏನು ಗೊತ್ತು? ಮೇಜು ಸೀಳಿದರೂ ಅವನಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ಕೇಳಿದ್ದು ಒಂದು ಸಣ್ಣ 'ಕರ್ರ್'. ಕಣ್ಣು ಬಿಟ್ಟರೆ ನಿಪ್ಪಟ್ಟು ಅವರ ಬೆರಳಲ್ಲೇ ನಾಲ್ಕು ಚೂರಾಗಿ ಗೂಡುಗಳ್ಳನ ಮೇಲೆ ಉದುರಿತ್ತು. ರಮೇಶ್‌ಬಾಬು ಒಂದು ಚೂರು ಬಾಯಿಗೆ ಹಾಕಿ, ಬಾಯಿ ಮುಚ್ಚಿಕೊಂಡೇ ಬಹಳ ಹೊತ್ತು ಆಡಿಸಿದರು. ಎರಡನೆಯ ಚೂರು ಹೋಯಿತು. ಮೂರನೆಯದು, ನಾಲ್ಕನೆಯದು ಹೋದವು. ಇನ್ನೊಂದು ಇಡೀ ನಿಪ್ಪಟ್ಟಿಗೆ ಕೈ ಹಾಕಿದರು. ಅದನ್ನೂ ಮುಗಿಸಿ, ನೀರು ಕುಡಿದು, "ಒಂದ್ನಿಮಿಷ" ಎಂಬಂತೆ ಬೆರಳೆತ್ತಿ ತೋರಿಸಿ, ಗೋಡೆಯ ಕಡೆ ತಿರುಗಿದರು. ಜೇಬಿನಿಂದ ಏನನ್ನೋ ತೆಗೆದು ಬಾಯೊಳಗೆ ಕೂರಿಸಿಕೊಂಡರು. ತಿರುಗಿದಾಗ ಮುಖದ ತುಂಬ ಹಲ್ಲಿತ್ತು.

"ಕ್ಷಮ್ಸಿ ಅಮ್ಮಾ. ಹಲ್ಲೆಲ್ಲ ಕಟ್ಟಿಸಿರೋದು. ಬಸ್ ಸ್ಟ್ಯಾಂಡ್ ಹತ್ರ ಟೀ ಕುಡೀತಿದ್ನಾ, ಈ ಚೀಟಿ ಕೊಟ್ರು. ಓದಿದ್ಮೇಲೆ ಯಾಕೆ ಬೇಕು ತಾಪತ್ರಯ ಅಂತ ತೆಗೆದು ಜೇಬಲ್ಲಿಟ್ಕೊಂಡೇ ಬಂದೆ. ಅದಕ್ಕೇ ಮಾತಾಡ್ಲಿಲ್ಲ." ತಟ್ಟೆಯನ್ನು ತೋರಿಸಿದರು. "ಬರೀ ಒಸಡಲ್ಲೇ ತಿಂದೆ ನೋಡಿ ಇದನ್ನ. ಬೆಣ್ಣೆ ಕರಗಿದಂಗೆ ಕರಗೋಯ್ತು."

ಬಾಗಿಲಲ್ಲಿ ಐದಾರು ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು ಕೇಳಿತು.

"ಅಂದ್ರೆ, ಇದನ್ನ ಓದಿ ನಿಮಗೆ ಬೇಜಾರಾಗ್ಲಿಲ್ವಾ?" ತನುಜ ಕರಪತ್ರದ ಕಡೆ ಕಣ್ಣು ಹಾಯಿಸಿದಳು.

"ಬೇಜಾರಾ? ನಲವತ್ತು ವರ್ಷದಿಂದ ಅಂಗಡಿ ನಡೆಸ್ತಿದೀನಮ್ಮ. ನಮ್ ಸರಕು ಚೆನ್ನಾಗಿದೆ ಅಂತ ಬೋರ್ಡ್ ಹಾಕಿದ್ರೆ ಜನ ತಲೆ ಎತ್ತಿ ನೋಡಲ್ಲ. ಹಲ್ಲು ಮುರೀತದೆ ಅಂದ್ರೆ, ನೋಡೇಬಿಡಣ ಅಂತ ಬರ್ತಾರೆ! ಐವತ್ತು ಸಾಲದು, ಎಂಬತ್ತು ಕೆಜಿ ಮಾಡಿ. ಹಂಗೇ ಚಿಂತಾಮಣಿಗೂ ಚಿಕ್ಕಬಳ್ಳಾಪುರಕ್ಕೂ ಇಂಥದ್ದೇ ಇನ್ನೊಂದು ಕಥೆ ಬರೆಸ್ಕೊಡಿ. ಬರೆದೋರು ಯಾರು?"

ಎಲ್ಲರ ಕಣ್ಣೂ ಬನಿಯನ್, ಟವೆಲ್, ತರಕಾರಿ ಚೀಲದಲ್ಲಿ ನಿಂತಿದ್ದ ಕಲಾವಿದನ ಮೇಲೆ ಬಿದ್ದವು.

ಮಧ್ಯಾಹ್ನದವರೆಗೂ ಸಂಘದ ಫೋನು ಬಡಿದುಕೊಳ್ಳುತ್ತಲೇ ಇತ್ತು. "ಹಲ್ಲು ಮುರಿಯೋ ನಿಪ್ಪಟ್ಟು ಕಾಲು ಕೆಜಿ" ಎಂದು ಕೇಳಿದವರೇ ಹೆಚ್ಚು. ಸಾದಲಿಯಿಂದ ಒಬ್ಬರು ಮೊಸರೂ ಕಳಿಸುತ್ತೀರಾ ಎಂದು ವಿಚಾರಿಸಿದರು. ಎಲ್ಲ ಗಲಾಟೆ ಅಡಗಿದ ಮೇಲೆ ಭಾನುಪ್ರಕಾಶ ಹಿಂದಿನ ಕೋಣೆಯಲ್ಲಿ ಬೋರಲು ಹಾಕಿದ್ದ ಎಣ್ಣೆ ಡಬ್ಬದ ಮೇಲೆ ಕುಸಿದು ಕೂತ. ತನುಜ ಒಂದು ನಿಪ್ಪಟ್ಟು ತಂದು ಅವನ ಕೈಗಿಟ್ಟು, ಎದುರಿಗೇ ನಿಂತಳು.

ಭಾನುಪ್ರಕಾಶ ಒಳ್ಳೆಯ ದವಡೆಯ ಕಡೆಯಿಂದ ಹುಷಾರಾಗಿ ಕಚ್ಚಿದ. ಬಾಯಲ್ಲಿ ಹುರಿಗಡಲೆ, ಎಳ್ಳು, ಕರಿಬೇವು ಒಂದೊಂದೇ ಅರಳಿದವು. ಇಂಥದ್ದನ್ನು ಮೂರು ವಾರ ಕಾಗೆಗಳಿಗೆ ಹಾಕಿದ ತನ್ನ ಬುದ್ಧಿಗೆ ಅವನೇ ಹಣೆ ಚಚ್ಚಿಕೊಳ್ಳಬೇಕೆನಿಸಿತು.

"ಹೆಂಗಿದೆ?"

"ಸೂ..." ಎಂದವನು ತಡೆದ. ನುಂಗಿದ. ಇನ್ನೊಮ್ಮೆ ಕಚ್ಚಿ ನೋಡಿದ. "ಗರಿಗರಿಯಾಗಿದೆ. ಆದ್ರೆ ಉಪ್ಪು ಒಂಚೂರು ಜಾಸ್ತಿ ಆಗಿದೆ."

ತನುಜ ಅವನ ಕೈಯಿಂದಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. "ಹೌದು," ಎಂದಳು. "ಇವತ್ತು ಬೆಳಿಗ್ಗೆ ಉಪ್ಪು ಹಾಕೋವಾಗ್ಲೇ ಆ ಫಾರ್ವರ್ಡ್ ಬಂತು." ಆಮೇಲೆ, ಆ ದಿನದಲ್ಲಿ ಮೊದಲ ಸಲ, ನಕ್ಕಳು. ಆ ನಗು ನೋಡಿದ ಮೇಲೆಯೇ ಭಾನುಪ್ರಕಾಶನಿಗೆ ತಾನು ಬದುಕಿಕೊಂಡೆನೆಂಬ ನಂಬಿಕೆ ಬಂದದ್ದು.

ಸಂಜೆ ಅವನು ಹೊಸ ಹಾಳೆ ಹರಡಿಕೊಂಡು ಕೂತಾಗ ತನುಜ ಒಂದು ಸ್ಟೂಲ್ ಎಳೆದು ಪಕ್ಕದಲ್ಲಿ ಕೂತಳು. ಹಿಂದೆ ಲಾವಣ್ಯ ನಿಂತಳು. ಕೊಂಡಮ್ಮ ಎಲೆಅಡಿಕೆ ತಟ್ಟೆಯ ಸಮೇತ ಬಂದು ಕಂಬಕ್ಕೊರಗಿ ಕೂತಳು.

"ಈ ಸಲ ಕಥೆ ನಂದು," ಎಂದಳು ತನುಜ. "ನೀವು ಬರ್ಕೊಳ್ಳಿ. ವೀರ ಬೇಡ, ಈ ಸಲ ವೀರವನಿತೆ."

"ಆಗ್ಲಿ," ಎಂದ ಭಾನುಪ್ರಕಾಶ. ಅಷ್ಟಕ್ಕೇ ಬಿಟ್ಟಳಲ್ಲ ಎಂದು ಅವನಿಗೆ ನೆಮ್ಮದಿಯೇ ಆಯಿತು. "ಹಾರ್ತಾಳಾ?"

"ಎಂಬತ್ತು ಕೆಜಿ ಆರ್ಡರ್ ಇಟ್ಕೊಂಡು ಹಾರೋಕೆ ಎಲ್ಲಿದೆ ಪುರುಸೊತ್ತು? ನಡ್ಕೊಂಡೇ ಬರ್ತಾಳೆ."

"ಅಮ್ಮ, ಬೆನ್ನಿಗೆ ಸೆರಗು ಹಾರಾಡ್ಲಿ," ಎಂದಳು ಲಾವಣ್ಯ. ಸೆರಗು ಮಂಜೂರಾಯಿತು. ಭಾನುಪ್ರಕಾಶ ಉತ್ಸಾಹದಿಂದ ಬರೆದ. ಈ ಸಲ ಖಳನಾಯಕ ಗೂಡು ಕದಿಯುವವನಲ್ಲ, ಎದುರಿಗೆ ಸೂಪರ್ ಎಂದು ಹಿಂದಿನಿಂದ ನಿಪ್ಪಟ್ಟು ಕಾಗೆಗೆ ಹಾಕುವವನು ಎಂದು ತನುಜ ಹೇಳಿದಾಗ ಪೆನ್ಸಿಲ್ ಒಂದು ಗಳಿಗೆ ನಿಂತಿತು. ಆದರೂ ಬೆಳಗಿನ ಭಯದ ಮುಂದೆ ಇದೆಲ್ಲ ಯಾವ ಲೆಕ್ಕ? ಅವನು ಮೈ, ಕೈ, ಕಾಲು ಎಲ್ಲ ಬರೆದು ಮುಗಿಸಿ ಕೇಳಿದ.

"ಮುಖ ಹೆಂಗಿರ್ಲಿ ಇವಂದು? ದಪ್ಪ ಮೀಸೆ ಬಿಡ್ಲಾ?"

ತನುಜ ಎದ್ದು ಒಳಗೆ ಹೋದಳು. ಬಚ್ಚಲುಮನೆಯ ಗೋಡೆಗೆ ತೂಗುಹಾಕಿದ್ದ ಕನ್ನಡಿಯನ್ನು ಮೊಳೆಯಿಂದ ಬಿಡಿಸಿ ತಂದು, ಗಂಡನ ಎದುರಿಗೆ ಮೇಜಿನ ಮೇಲೆ ಒರಗಿಸಿ ನಿಲ್ಲಿಸಿದಳು.

ಭಾನುಪ್ರಕಾಶ ಕನ್ನಡಿಯನ್ನು ನೋಡಿದ. ಕನ್ನಡಿಯೊಳಗಿನಿಂದ ಅವನ ಹಿಂದೆ ಸಾಲಾಗಿ ಕಾಣುತ್ತಿದ್ದ ಮೂವರು ಹೆಂಗಸರನ್ನು ನೋಡಿದ. ಆಮೇಲೆ ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿ, ತನ್ನ ಮೂಗು, ತನ್ನ ಗಲ್ಲ, ತನ್ನ ಅರ್ಧ ಬೋಳು ತಲೆಯನ್ನು ಇದ್ದದ್ದು ಇದ್ದ ಹಾಗೆ ಬರೆಯತೊಡಗಿದ.

ಕೊಂಡಮ್ಮ ಕತ್ತು ಚಾಚಿ ಹಾಳೆಯನ್ನೂ ಮಗನನ್ನೂ ಎರಡೆರಡು ಸಲ ನೋಡಿದಳು.

"ಹೊಟ್ಟೆ ಇನ್ನೂ ಒಂಚೂರು ಮುಂದಕ್ಕೆ ಬರ್ಲಿ ಕಣೋ," ಎಂದಳು. "ಅಚ್ಚಾಗೋದ್ರಲ್ಲಿ ಸುಳ್ಳು ಬರೀಬಾರ್ದು."

ಭಾನುಪ್ರಕಾಶ ರಬ್ಬರ್ ಕೈಗೆತ್ತಿಕೊಂಡ.